ಬ್ರೈಲ್ ಸ್ಲೇಟಿನಲ್ಲಿ ಬರೆಯುವಾಗ

ಬ್ರೈಲ್ ಸ್ಲೇಟು ಅಂದರೆ ಹಾಳೆ ಸಿಕ್ಕಿಸಿ ಉಬ್ಬುಚುಕ್ಕೆ ಒತ್ತಲು ಸಾಲಾಗಿ ಮನೆಗಳಿರುವ ಚೌಕಟ್ಟು. ಅದರಲ್ಲಿ ಬರೆಯುವುದು ಬಲದಿಂದ ಎಡಕ್ಕೆ. ಚುಕ್ಕೆ ಉಬ್ಬುವುದು ಹಾಳೆಯ ಹಿಂಬದಿಯಲ್ಲಿ; ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಒಂದು ಮನೆಯಲ್ಲಿ ಆರು ಚುಕ್ಕೆಗಳ ಜಾಗ: ಓದುವಾಗ ಎಡಸಾಲಿನಲ್ಲಿ ಮೇಲಿನಿಂದ ಕೆಳಗೆ 1, 2, 3, ಬಲಸಾಲಿನಲ್ಲಿ 4, 5, 6. ಹಾಗಾಗಿ ಬರೆಯುವಾಗ 1, 2, 3ನೇ ಚುಕ್ಕೆಗಳು ಮನೆಯ ಬಲಬದಿಗೆ, 4, 5, 6 ಎಡಬದಿಗೆ. ಇದು ಅದಲುಬದಲಾದರೆ 2-4ರ ‘ಇ’ ಓದುವಾಗ 1-5ರ ‘ಏ’ ಆಗಿಬಿಡುತ್ತದೆ. ಮಕ್ಕಳಿಗೆ ಎಡ, ಬಲ ಅನ್ನಲೇಬೇಡಿ. ‘ಮೊದಲ ಬದಿ, ಎರಡನೇ ಬದಿ’ ಎಂದೇ ಕಲಿಸಿ. ಓದುವಾಗಲೂ ಬರೆಯುವಾಗಲೂ ಅದು ಬದಲಾಗುವುದಿಲ್ಲ, ಅರ್ಧ ಗೊಂದಲ ಅಲ್ಲೇ ತಪ್ಪುತ್ತದೆ.

ಹಾಳೆ 140 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆಸುಪಾಸಿನದಿರಲಿ. ತೆಳುವಾದದ್ದು ತೂತು ಬೀಳುತ್ತದೆ, ಉಬ್ಬೂ ಬೇಗ ಕುಗ್ಗುತ್ತದೆ. ಚುಕ್ಕೆ ಒತ್ತುವ ಮೊನೆಕಡ್ಡಿ, ಅಂದರೆ ಸ್ಟೈಲಸ್, ನೆಟ್ಟಗಿರಬೇಕು, ಓರೆಯಾದರೆ ಚುಕ್ಕೆಯ ಅಂಚು ಹರಿದು ಬೆರಳಿಗೆ ಒರಟಾಗಿ ತಾಗುತ್ತದೆ. ತಪ್ಪು ಚುಕ್ಕೆಯನ್ನು ಹಾಳೆ ಮಗುಚಿ ಉಗುರಿನಿಂದ ಒತ್ತಿ ಚಪ್ಪಟೆ ಮಾಡಬಹುದು. ಗುರುತು ಪೂರ್ತಿ ಹೋಗದು. ಚುರುಕು ಬೆರಳಿಗೆ ಸಿಕ್ಕೇ ಸಿಗುತ್ತದೆ.