ಮುಂಬೈ ಪ್ಲಾನು

ಮುಂಬೈಗೆ ಹೋಗೋಣ ಅಂತ ಮನೆಯಲ್ಲಿ ಕೊನೆಗೂ ತೀರ್ಮಾನ ಆಯಿತು. ಅಮ್ಮನಿಗೂ ನನಗೂ ಇದೇ ಮೊದಲು.

ಇವತ್ತು ತಿಂಡಿ ಆದಮೇಲೆ ಅಮ್ಮ ಒಂಟಿಕೊಪ್ಪಲ್ ಪಂಚಾಂಗ ತೆಗೆದು ಕೂತರು. ನಾನು ಮೊಬೈಲ್ ಹಿಡಿದು ಕೂತೆ.
ಮಂಗಳವಾರ ಹೊರಡೋದು ಬೇಡ ಅಂದರು.
ಎಲಿಫೆಂಟಾ ಗುಹೆಗೆ ಸೋಮವಾರ ರಜೆ ಅಂದೆ.
ಕನ್ನಡಕದ ಮೇಲಿಂದ ನೋಡಿದರು. "ಅಲ್ಲಿರೋದು ಶಿವ ಅಲ್ವೇನೋ? ಸೋಮವಾರವೇ ಬಾಗಿಲು ಹಾಕ್ತಾರಾ?"
ಏನು ಹೇಳಲಿ!

ಗೇಟ್‌ವೇ ಆಫ್ ಇಂಡಿಯಾದಿಂದ ಅಲ್ಲಿಗೆ ಸುಮಾರು ಒಂದು ಗಂಟೆ ದೋಣಿ ಅಂದಮೇಲೆ ಚಿಂತೆ ಆ ಕಡೆ ಹೊರಳಿತು. ಲೋಕಲ್ ಟ್ರೇನು ಎಷ್ಟೋ ಸ್ಟೇಷನ್ನಲ್ಲಿ ಅರ್ಧ ನಿಮಿಷವೂ ನಿಲ್ಲಲ್ಲ ಅನ್ನೋದನ್ನು ಇನ್ನೂ ಹೇಳಿಲ್ಲ. ಸದ್ಯಕ್ಕೆ ಬೇಡ.

ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಸುತ್ತಮುತ್ತ ಇಡ್ಲಿ-ದೋಸೆ ಹೋಟೆಲ್‌ಗಳಿವೆ ಅಂದಾಗ ಮಾತ್ರ ಮುಖ ಅರಳಿತು. ಅಷ್ಟು ದೂರ ಹೋಗಿ ಮತ್ತೆ ಇಡ್ಲಿನಾ ಅಂತ ನನಗೆ. ಆದರೂ ಹೊಸ ಊರು ಅಂದ ತಕ್ಷಣ, ನೋಡೋ ಜಾಗಕ್ಕಿಂತ ಮೊದಲು ಅಲ್ಲಿ ನಮ್ಮೋರು ಎಲ್ಲಿದ್ದಾರೆ ಅಂತಲೇ ಹುಡುಕ್ತೀವಿ, ಅಲ್ವಾ?

ಶರಾವತಿ ಎಕ್ಸ್‌ಪ್ರೆಸ್ಸು ಮೈಸೂರಿಂದ ನೇರ ದಾದರ್‌ಗೆ. ಬುಕಿಂಗ್ 60 ದಿನ ಮೊದಲು ಶುರು. ಲೋಯರ್ ಬರ್ತ್ ಸಿಗದಿದ್ದರೆ ನಾನು ಬರಲ್ಲ ಅಂತ ಈಗಲೇ ತಾಕೀತು ಮಾಡಿದ್ದಾರೆ.