ಮಾವಿನ ಗಿಡಕ್ಕೆ ನೀರು ಬಿಡಬ್ಯಾಡ್ರಿ

ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಬೆಳಿಗ್ಗೆ ಚಹಾ ಕುಡಿದವನೇ ಹಿತ್ತಲಿಗೆ ಹೋದೆ. ಟೊಂಕಕ್ಕೆ ಬೆಲ್ಟು, ಕೈಯಲ್ಲಿ ಕುರ್ಪಿ, ಕೂಡಲಿಕ್ಕೆ ಮೊಮ್ಮಗಳ ಪ್ಲಾಸ್ಟಿಕ್ ಸ್ಟೂಲು. ವಯಸ್ಸು 67. ಕುಕ್ಕರಗಾಲಲ್ಲಿ ಕೂತರೆ ಎಬ್ಬಿಸಲಿಕ್ಕೆ ಒಬ್ಬರು ಬೇಕು.

ಕೊಪ್ಪಳದ ಥಂಡಿ ಅಂದರೆ ಬೆಳಗಿನ ಜಾವ ಮಫ್ಲರ್ ಸುತ್ತಿಕೊಳ್ಳುವಷ್ಟು. ಹತ್ತು ಗಂಟೆಗೆ ಬಿಸಿಲು ಹೆಗಲ ಮೇಲೆ ಕೂತಿರುತ್ತದೆ. ಗಿಡಗಳಿಗೆ ಈ ಚಳಿಯಿಂದ ಏನೂ ಆಗುವುದಿಲ್ಲ. ಮೆಂತ್ಯೆ, ಪಾಲಕ, ಮೂಲಂಗಿಗೆ ಇದೇ ಹಬ್ಬ. ನಮ್ಮ ತೊಂದರೆ ಬೇರೆ. ಸ್ವಾತಿ ಮಳೆ ಹೋಯಿತೆಂದರೆ ಮುಂದೆ ನಾಲ್ಕೈದು ತಿಂಗಳು ಮುಗಿಲು ಖಾಲಿ, ನೆಲ ಒಣಗುತ್ತಾ ಹೋಗುತ್ತದೆ.

ನಮ್ಮ ಲೇಔಟು ಮೊದಲು ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಮಳೆ ಬಂದಾಗ ಚಪ್ಪಲಿ ಕಿತ್ತುಕೊಳ್ಳುವ ಮಣ್ಣು, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಆವತ್ತು ಬದನೆ ಮಡಿಯ ಪಕ್ಕದ ಬಿರುಕಿನಲ್ಲಿ ಎರಡು ಬೆರಳು ಇಳಿಸಿ ನೋಡಿದೆ. ಮೇಲೆ ಕಾದ ಪರಸಿ ಕಲ್ಲಿನಂತೆ ಬಿಸಿ, ಒಳಗೆ ತಣ್ಣಗೆ, ಹಸಿ. ಬಿರುಕಿನ ಗೋಡೆಯಲ್ಲಿ ಬಿಳಿ ಬೇರೊಂದು ತುಂಡಾಗಿ ದಾರದ ಹಾಗೆ ಜೋತಾಡುತ್ತಿತ್ತು. ನೆಲದ ಹಸಿ ಈ ಬಾಯಿಂದಲೇ ಹಾರಿಹೋಗುವುದು.

ಯಲಬುರ್ಗಾ ಕಡೆ ನಮ್ಮ ಹೊಲದಲ್ಲಿ ಅಪ್ಪ ಹಿಂಗಾರಿ ಜೋಳಕ್ಕೆ ಎಡೆ ಹೊಡೆಯುತ್ತಿದ್ದ, ಅಂದರೆ ಸಾಲುಗಳ ನಡುವೆ ಕುಂಟೆ ಎಳೆಯುತ್ತಿದ್ದ. ಕಸ ತೆಗೆಯಲಿಕ್ಕೆ ಅಂತಲೇ ನಾನು ತಿಳಿದಿದ್ದೆ. ಕಸ ಇಲ್ಲದ ಸಾಲಿನಲ್ಲೂ ಕುಂಟೆ ಯಾಕೆ ಹೊಡೆಯುತ್ತಾನೆ ಎಂದು ಕೇಳಿದರೆ "ಬಿರುಕು ಮುಚ್ಚತೈತಿ, ಸುಮ್ಮನ ನಡಿ" ಅನ್ನುತ್ತಿದ್ದ. ಬಿತ್ತಿದ ಮೇಲೆ ಆ ಜೋಳಕ್ಕೆ ಅಪ್ಪ ಒಂದು ಕೊಡ ನೀರು ಹಾಕಿದವನಲ್ಲ. ನೆಲದ ಹಸಿಯಲ್ಲೇ ತೆನೆ ಕಟ್ಟುತ್ತಿತ್ತು. ಅಂಥವನ ಮಗ ನಾನು ಹೋದ ವರ್ಷ ಮಾಡಿದ್ದು ನೋಡಿ.

ಹಿತ್ತಲಿನ ಮೂಲೆಯಲ್ಲಿ ಒಂದು ಕೇಸರ್ ಮಾವು ಇದೆ, ನಿವೃತ್ತಿಯಾದ ವರ್ಷ ಹಚ್ಚಿದ್ದು. ಹೋದ ವರ್ಷದ ಬೇಸಿಗೆಯಲ್ಲಿ ಮೊದಲ ಸಲ ಇಪ್ಪತ್ತು ಇಪ್ಪತ್ತೈದು ಕಾಯಿ ಬಿಟ್ಟಿತ್ತು. ಪಿಂಚಣಿದಾರನ ಪ್ರೀತಿ ಉಕ್ಕಿತು. ನವೆಂಬರ್, ಡಿಸೆಂಬರ್ ಎರಡೂ ತಿಂಗಳು ದಿನಾ ಸಂಜೆ ಪೈಪ್ ಹಿಡಿದು ಪಾತಿ ತುಂಬಿಸಿದೆ. ಗಿಡ ತಾಮ್ರದ ಬಣ್ಣದ ಚಿಗುರು ಹೊತ್ತು ಮದುವಣಗಿತ್ತಿಯಂತೆ ನಿಂತಿತು. ಓಣಿಯವರೆಲ್ಲ ಹೊಗಳಿದರು. ಹೂವು ಮಾತ್ರ ಒಂದೇ ಒಂದು ಗೊಂಚಲೂ ಇಲ್ಲ!

ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಲ್ಲಿ ಓದಿದ ತಂಗಿಯ ಮಗ ಬಂದಾಗ ತೋರಿಸಿದೆ. "ಮಾಮಾ, ಅದಕ್ಕ ಹಸಿವು ಆಗಾಕ ಬಿಡಲಿಲ್ಲ ನೀವು" ಅಂದ. ಹೂ ಬಿಡುವ ಮುಂಚೆ ಎರಡು ಮೂರು ತಿಂಗಳು ಮಾವಿಗೆ ನೀರು ತಡೆಯಬೇಕಂತೆ. ಒಣಹವೆ, ರಾತ್ರಿಯ ತಂಪು ಎರಡೂ ಸೇರಿದರೆ ಚಿಗುರು ನಿಂತು ಹೂಮೊಗ್ಗು ಕಟ್ಟುತ್ತದೆ. ನೀರು ಸಿಕ್ಕರೆ ಎಲೆ ಬಿಡುತ್ತದೆ. ಕಾಯಿ ಬಟಾಣಿಯಷ್ಟು ಆದಮೇಲೆ ನೀರು ಹಾಕಿ ಅಂದ.

ಹಾಗಾಗಿ ಈ ಸಲ ಮಾವಿನ ಪಾತಿಯ ಬದುವನ್ನು ಕುರ್ಪಿಯಿಂದ ಕೆರೆದು ಮಟ್ಟ ಮಾಡಿಬಿಟ್ಟೆ, ನೀರು ಹಾಕಿದರೂ ನಿಲ್ಲದ ಹಾಗೆ. ಆಮೇಲೆ ಉಳಿದ ಮಡಿಗಳ ಬಿರುಕಿಗೆ ಪುಡಿಮಣ್ಣು, ತಿಪ್ಪೆಗೊಬ್ಬರ ಎಳೆದು ತುಂಬಿದೆ. ಗಂಗಾವತಿಯ ಅಕ್ಕಿ ಮಿಲ್ಲಿನಿಂದ ಮಗ ತಂದ ನಾಲ್ಕು ಚೀಲ ಭತ್ತದ ಹೊಟ್ಟನ್ನು ಬದನೆ, ಟೊಮ್ಯಾಟೊ ಬುಡಕ್ಕೆ ಎರಡು ಬೆರಳು ದಪ್ಪ ಹರವಿದೆ. ಚೀಲ ಎತ್ತಲಿಕ್ಕೆ ಡಾಕ್ಟರು ಬೇಡ ಅಂದಿದ್ದಾರೆ. ಬಾಯಿ ಬಿಚ್ಚಿ ಪುಟ್ಟಿಯಲ್ಲಿ ಅರ್ಧರ್ಧ ಒಯ್ದೆ. ಹದಿನೆಂಟು ಸಲ ಓಡಾಟ ಆಯಿತು, ಎಣಿಸಿದ್ದೇನೆ.

ಕೊತ್ತಂಬರಿ ಬೀಜ ಬಿತ್ತುವುದು ನಮ್ಮಾಕೆಯ ಪಾಲಿನ ಕೆಲಸ. ಪರಸಿ ಮೇಲೆ ಹರವಿ, ಹಳೇ ಚಪ್ಪಲಿಯಿಂದ ಮೆಲ್ಲಗೆ ಉಜ್ಜಿದಳು. ಒಂದೊಂದು ಕಾಳು ಎರಡು ಹೋಳಾಗಬೇಕು, ಪುಡಿ ಆಗಬಾರದು. ಹಿತ್ತಲ ತುಂಬ ಘಮ. ಮೆಂತ್ಯೆ ಹಾಗೇ ಉದುರಿಸಿದಳು, ಮೂರ್ನಾಲ್ಕು ದಿನದಲ್ಲಿ ಎದ್ದೀತು. ಜನವರಿಯ ಗವಿಮಠದ ಅಜ್ಜನ ಜಾತ್ರಿ ಹೊತ್ತಿಗೆ ಬಾಗಿಲಿಗೆ ಮಾಲೆ ಬೇಕೆಂದು ಚೆಂಡು ಹೂವಿನ ಹನ್ನೆರಡು ಸಸಿಯನ್ನೂ ಅವಳೇ ಹಚ್ಚಿದಳು. ದಾಸವಾಳದ ಬಿಳಿ ಹಿಟ್ಟುತಿಗಣೆಗೆ ಬೇವಿನೆಣ್ಣೆ ಹೊಡೆದಿದ್ದು ನಾನು, ಅರ್ಧ ನನ್ನ ಅಂಗಿಗೇ ಬಿತ್ತು.

ಮಲ್ಲಿಗೆಯ ವಿಷಯಕ್ಕೆ ಮಾತ್ರ ಜಗಳವಾಯಿತು. ತಿಂಗಳ ಕೊನೆಗೆ ಮಂಡಿಯೆತ್ತರಕ್ಕೆ ಸವರಿಬಿಡಬೇಕು, ಅಲ್ಲಿಯವರೆಗೆ ಅದಕ್ಕೂ ನೀರು ಕಡಿಮೆ ಮಾಡಬೇಕು ಅಂದೆ.

"ನೀರು ನೀರು ಅಂತ ಗಿಡಾ ಮುಳುಗಿಸಿದವರು ನೀವ, ಈಗ ಎಲ್ಲಾಕ್ಕೂ ಉಪವಾಸ ಕೆಡವತೀರಿ?" ಅಂದಳು.

"ಸವರಿದರ ಬ್ಯಾಸಗಿಗೆ ಬುಟ್ಟಿ ತುಂಬ ಹೂವು ಬರತಾವ" ಅಂದೆ.

"ಹೋದ ವರ್ಷ ಮಾವಿನಕಾಯಿನೂ ಬುಟ್ಟಿ ತುಂಬ ಬರತಾವ ಅಂದಿದ್ರಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟೂಲು ಎತ್ತಿಕೊಂಡು ಬದನೆ ಮಡಿ ಕಡೆ ಹೋದೆ.

ಸಂಜೆ ನಳ ಬಂತು. ತೊಟ್ಟಿ ತುಂಬಿಸಿ, ಮೆಂತ್ಯೆ ಮಡಿಗೆ ಹೂಝಾರಿಯಿಂದ ಸಣ್ಣಗೆ ನೀರು ಚಿಮುಕಿಸಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಕೈ ಕೇಳಬೇಕಲ್ಲ! ಪೈಪ್ ಎಳೆದುಕೊಂಡು ಕಾಲು ತಾನಾಗಿ ಮೂಲೆಯ ಕಡೆ ಹೊರಟಿತ್ತು. ಮಾವಿನ ಎಲೆ ಸ್ವಲ್ಪ ಬಾಡಿದಂತೆ ಕಂಡಿತು, ದೇವರಾಣೆ.

ಅಡಿಗೆಮನೆ ಕಿಟಕಿಯಿಂದ ದನಿ ಬಂತು: "ಆ ಕಡೆ ಯಾಕ ಹೊಂಟೀರಿ?"

"ಕಾಲು ತೊಳಕೋಬೇಕಿತ್ತು" ಅಂದು ಅಲ್ಲೇ ನಿಂತು ಕಾಲು ತೊಳೆದುಕೊಂಡೆ.

ಮರುದಿನದಿಂದ ಪೈಪ್ ಕಾಣುತ್ತಿಲ್ಲ. ಎಲ್ಲಿಟ್ಟಿದ್ದಾಳೆ ಅಂತ ಕೇಳಿದರೆ, ಸಂಕ್ರಾಂತಿ ಆದಮೇಲೆ ನೋಡೋಣು ಅನ್ನುತ್ತಾಳೆ.