ನಗರಪಾಲಿಕೆ ಅಪ್ಡೇಟ್ ಓದ್ತಾ ಅನ್ಸಿದ್ದು

ಯಾವ ರಸ್ತೆ ಬಂದ್, ಯಾವ ಬಸ್ ರೂಟ್ ಬದಲು, ಎಲ್ಲಿ ಬೀದಿದೀಪ ರಿಪೇರಿ, ಇಷ್ಟೇ ತಾನೆ ಅಂತ ನಗರಪಾಲಿಕೆ ಅಪ್ಡೇಟ್‌ಗಳನ್ನ ಸುಮಾರು ಜನ ಓದೋದೇ ಇಲ್ಲ, ಆದ್ರೆ ನಂಗೆ ಅದನ್ನ ಓದೋದು ತುಂಬಾ ಮುಖ್ಯ ಅನ್ಸತ್ತೆ. ಒಳರಸ್ತೆಲಿ ಸ್ಪೀಡ್ ಲಿಮಿಟ್ 30 ಕಿಮೀ ಅಂತ ಒಂದೇ ಒಂದು ಸಾಲು ಬಂದ್ರೂ ಎಷ್ಟೋ ಜನ ಬೈಕೊಳ್ತಾರೆ, ಆದ್ರೆ ಸ್ಪೀಡ್ ಡಬಲ್ ಆದ್ರೆ ಗುದ್ದೋ ಶಕ್ತಿ 4 ಪಟ್ಟು ಆಗತ್ತೆ, ಬ್ರೇಕ್ ಹಿಡಿದ್ಮೇಲೆ ಗಾಡಿ ನಿಲ್ಲೋಕೆ ಬೇಕಾದ ದೂರಾನೂ ಹಾಗೇ ಏರತ್ತೆ, ಬಾಲ್ ಹಿಂದೆ ಓಡಿಬರೋ ಮಗು ಉಳಿಯೋದು ಬಿಡೋದು ಅಷ್ಟರಲ್ಲೇ ಇದೆ. ಸ್ವೀಡನ್ 1997ರಲ್ಲೇ ರಸ್ತೆ ಸಾವು ಸೊನ್ನೆಗೆ ಇಳೀಬೇಕು ಅಂತ ಪಾರ್ಲಿಮೆಂಟಲ್ಲಿ ಒಪ್ಕೊಂಡಿತ್ತು, 2019ರಲ್ಲಿ ಫಿನ್‌ಲೆಂಡ್ ರಾಜಧಾನಿ ಹೆಲ್ಸಿಂಕಿಲಿ ಒಬ್ಬ ಪಾದಚಾರಿನೂ ಅಪಘಾತದಲ್ಲಿ ಸತ್ತಿಲ್ಲ. ಆಗೋ ಕೆಲ್ಸನೇ ಇದು.

ಫುಟ್‌ಪಾತ್ ತುದಿಲಿ ಇಳಿಜಾರು ಮಾಡ್ತೀವಿ ಅನ್ನೋ ಸಣ್ಣ ಸುದ್ದಿನೂ ಹಂಗೇ, ವೀಲ್‌ಚೇರಲ್ಲಿ ಇರೋರಿಗೆ ಆ ಅರ್ಧ ಅಡಿ ಮೆಟ್ಲು ಅಂದ್ರೆ ಗೋಡೆನೇ, ಚಕ್ರ ತಾಗಿ ಅಲ್ಲೇ ನಿಂತ್ಬಿಡತ್ತೆ, ಆಮೇಲೆ ವಾಹನಗಳ ಮಧ್ಯೆ ರಸ್ತೆಲೇ ಹೋಗ್ಬೇಕು.

ದಯವಿಟ್ಟು ವಾರ್ಡ್ ಮೀಟಿಂಗ್ ಯಾವಾಗ ಅಂತ ನೋಡ್ಕೊಂಡು ಹೋಗಿ, ನೀವು ದಿನಾ ನಿಲ್ಲೋ ಸ್ಟಾಪಲ್ಲಿ ರಾತ್ರಿ ಲೈಟ್ ಇಲ್ಲ ಅಂದ್ರೆ ಅದನ್ನೇ ಎದ್ದು ಹೇಳಿ, ಬರೆಸ್ಕೊಳ್ಳೋವರೆಗೂ ಕೂರ್ಬೇಡಿ.